ಐವರನ್ನು ಇಳಿಸಿ ಹೋದ ದೋಣಿ

2025ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಯಾವ ದೇಶದ ಸರಕಿಗೆ ಎಷ್ಟು ಸುಂಕ ಅಂತ ಒಂದು ಪಟ್ಟಿ ಹೊರಡಿಸಿತು. ಅದರಲ್ಲಿ ‘ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳು’ ಎಂಬ ಹೆಸರಿನ ಮುಂದೆ ಶೇ 10 ಎಂದು ಬರೆದಿತ್ತು. ಆ ದ್ವೀಪಗಳಲ್ಲಿ ಒಬ್ಬನೇ ಒಬ್ಬ ಮನುಷ್ಯ ವಾಸವಿಲ್ಲ. ಪೆಂಗ್ವಿನ್‌ಗಳು ಸರದಿಯಲ್ಲಿ ನಿಂತು ಸುಂಕ ಕಟ್ಟುವ ತಮಾಷೆ ಚಿತ್ರಗಳು ಆಗ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಎರಡು ದಿನ ಎಲ್ಲರೂ ನಕ್ಕರು, ಮೂರನೇ ದಿನ ಮರೆತರು.

ನಾವು ಮರೆಯಲಿಲ್ಲ. ಆ ಹೆಸರು ಹಿಡಿದುಕೊಂಡು ಹುಡುಕುತ್ತಾ ಹೋದಾಗ ಒಂದು ಹಾಯಿದೋಣಿಯ ಕತೆ ಸಿಕ್ಕಿತು. ಹತ್ತು ಜನ, ಒಂದು ಸಣ್ಣ ದೋಣಿ, ಹಿಮ ಹೊದ್ದುಕೊಂಡ ಒಂದು ಜ್ವಾಲಾಮುಖಿ ಬೆಟ್ಟ. ಆ ದೋಣಿಯ ಚುಕ್ಕಾಣಿ ಹಿಡಿದಿದ್ದ ಮುದುಕನಿಗೂ ನಮ್ಮ ಹಿಮಾಲಯಕ್ಕೂ ಹಳೆಯ ನಂಟು. ಈ ಬರಹ ಅದರದ್ದು.

ಮೊದಲು ಜಾಗ ಎಲ್ಲಿದೆ ನೋಡೋಣ. ಕಾರವಾರದ ಕಡಲ ದಂಡೆಯಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿ. ಗೆರೆ ಎಳೆದಂತೆ, ಒಂಚೂರು ಮಾತ್ರ ಪಶ್ಚಿಮಕ್ಕೆ ವಾಲಿಕೊಂಡು ಹೋಗಿ. ಮಾಲ್ಡೀವ್ಸ್ ಪಕ್ಕದಲ್ಲಿ ಹಾದುಹೋಗುತ್ತದೆ. ಭೂಮಧ್ಯರೇಖೆ ದಾಟುತ್ತೀರಿ. ಆಮೇಲೆ ಬರೀ ನೀರು. ಹೀಗೆ ಸುಮಾರು 7,500 ಕಿ.ಮೀ. ಹೋದ ಮೇಲೆ ಅಡ್ಡ ಸಿಗುವುದೇ ಹರ್ಡ್ ದ್ವೀಪ. ನಮ್ಮ ಕರಾವಳಿಯೂ ಅದೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ನಮ್ಮಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಗೆ ಬರುವ ಹೊತ್ತಿಗೇ ಅಲ್ಲೂ ಮಧ್ಯಾಹ್ನ. ಆದರೆ ಅಲ್ಲಿ ಸೂರ್ಯ ಕಾಣಿಸಿದರೆ ಅದೇ ಒಂದು ಸುದ್ದಿ.

ದ್ವೀಪ ಎಂದರೆ ತೆಂಗಿನ ಮರ, ಬಿಳಿ ಮರಳು ಕಣ್ಣಮುಂದೆ ಬರುತ್ತದೆ. ಇಲ್ಲಿ ಒಂದು ಮರವೂ ಇಲ್ಲ. ಸುಮಾರು 368 ಚದರ ಕಿ.ಮೀ. ನೆಲ. ಅದರ ಬಹುಪಾಲು ಒಂದೇ ಬೆಟ್ಟ, ‘ಬಿಗ್ ಬೆನ್’ ಅಂತ ಅದರ ಹೆಸರು. ಅದರ ತುದಿ ಮಾಸನ್ ಶಿಖರ, 2,745 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್ ಇದೆ. ಅದಕ್ಕಿಂತ 800 ಮೀಟರ್ ಹೆಚ್ಚು ಎತ್ತರದ ಬೆಟ್ಟ ಕಡಲಿನಿಂದ ನೇರವಾಗಿ ಎದ್ದು ನಿಂತಿದೆ ಎಂದುಕೊಳ್ಳಿ. ಮೈಮೇಲೆಲ್ಲ ಹಿಮನದಿಗಳು. ಹೊಟ್ಟೆಯೊಳಗೆ ಬೆಂಕಿ. ಈಗಲೂ ಅದು ಆಗಾಗ ಲಾವಾ ಉಗುಳುತ್ತದೆ. 2016ರ ಆರಂಭದಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಹಡಗೊಂದು ಹತ್ತಿರ ಹೋದಾಗ, ಮೋಡ ಸರಿದ ಒಂದು ಗಳಿಗೆಯಲ್ಲಿ, ಹಿಮದ ಮೇಲೆ ಲಾವಾ ಹರಿಯುವುದನ್ನು ವಿಜ್ಞಾನಿಗಳು ಕಣ್ಣಾರೆ ಕಂಡರು.

ಇನ್ನು ಗಾಳಿ. ಭೂಮಿಯ ಆ ಭಾಗದಲ್ಲಿ ಪಶ್ಚಿಮದಿಂದ ಹೊರಟ ಗಾಳಿಗೆ ಅಡ್ಡ ನಿಲ್ಲಲು ದೊಡ್ಡ ನೆಲವೇ ಇಲ್ಲ. ದಕ್ಷಿಣ ಅಮೆರಿಕದ ಬಾಲ ಒಂದು ಬಿಟ್ಟರೆ ಸುತ್ತೆಲ್ಲ ಸಮುದ್ರ. ಗಾಳಿ ಅಲೆಯನ್ನು ಅಟ್ಟುತ್ತದೆ, ಅಲೆ ಬೆಳೆಯುತ್ತಾ ಹೋಗುತ್ತದೆ, ತಡೆಯುವವರಿಲ್ಲ. ಹಳೆಯ ನಾವಿಕರು 40 ಡಿಗ್ರಿ ಅಕ್ಷಾಂಶದ ಗಾಳಿಗೆ ‘ಗರ್ಜಿಸುವ ನಲವತ್ತು’ ಅಂತಲೂ, 50ರ ಗಾಳಿಗೆ ‘ರೊಚ್ಚಿಗೆದ್ದ ಐವತ್ತು’ ಅಂತಲೂ ಹೆಸರಿಟ್ಟಿದ್ದರು. ಹರ್ಡ್ ಇರುವುದು 53 ಡಿಗ್ರಿಯಲ್ಲಿ.

ಇಂಥ ಕಡೆಗೂ ಮನುಷ್ಯ ಹೋಗಿದ್ದ. ಹೋದದ್ದು ಎಣ್ಣೆಗಾಗಿ. 1853ರಲ್ಲಿ ಅಮೆರಿಕದ ವ್ಯಾಪಾರಿ ಹಡಗಿನ ಕ್ಯಾಪ್ಟನ್ ಜಾನ್ ಹರ್ಡ್ ಈ ದ್ವೀಪವನ್ನು ಕಂಡು ಸುದ್ದಿ ಮುಟ್ಟಿಸಿದ. 1855ರಲ್ಲಿ ಎರಾಸ್ಮಸ್ ಡಾರ್ವಿನ್ ರೋಜರ್ಸ್ ಎಂಬ ಕ್ಯಾಪ್ಟನ್‌ನ ಜನ ದಂಡೆಗೆ ಇಳಿದರು. ಅಲ್ಲಿ ಸಾವಿರಾರು ಆನೆ ಸೀಲ್‌ಗಳು ಬಿದ್ದುಕೊಂಡಿದ್ದವು. ಗಂಡು ಸೀಲ್ ಒಂದೊಂದೂ ಎರಡು ಮೂರು ಟನ್ ತೂಗುತ್ತದೆ, ಮೈತುಂಬ ಕೊಬ್ಬು. ಆಗ ವಿದ್ಯುತ್ ಇಲ್ಲ, ಸೀಮೆಎಣ್ಣೆ ಇನ್ನೂ ಮನೆಮನೆಗೆ ಬಂದಿರಲಿಲ್ಲ. ದೀಪಕ್ಕೂ ಯಂತ್ರಕ್ಕೂ ಪ್ರಾಣಿಗಳ ಎಣ್ಣೆಯೇ ಬೇಕು. ಸೀಲ್‌ಗಳನ್ನು ಕೊಂದು, ಕೊಬ್ಬು ಸುಲಿದು, ಕಡಾಯಿಯಲ್ಲಿ ಕಾಯಿಸಿ, ಪೀಪಾಯಿಗೆ ತುಂಬಿದರು. ಕೂಲಿಗಳನ್ನು ದ್ವೀಪದಲ್ಲೇ ಬಿಟ್ಟು ಹಡಗು ಹೋಗುತ್ತಿತ್ತು. ಕಲ್ಲು ಮಣ್ಣಿನ ಗುಡಿಸಲಿನಲ್ಲಿ ಚಳಿಗಾಲ ಕಳೆದವರಿದ್ದಾರೆ. ಒಲೆಗೂ ಸೀಲ್ ಕೊಬ್ಬೇ ಸೌದೆ. ಸುಮಾರು ಮೂವತ್ತು ವರ್ಷ ಹೀಗೆ ನಡೆದ ಮೇಲೆ ಸೀಲ್‌ಗಳೇ ಮುಗಿಯುತ್ತಾ ಬಂದವು. ಜನರೂ ಜಾಗ ಖಾಲಿ ಮಾಡಿದರು.

1947ರ ಡಿಸೆಂಬರಿನಲ್ಲಿ, ನಮಗೆ ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳಾಗಿತ್ತು, ಬ್ರಿಟನ್ ಈ ದ್ವೀಪವನ್ನು ಆಸ್ಟ್ರೇಲಿಯಾಕ್ಕೆ ಬಿಟ್ಟುಕೊಟ್ಟಿತು. ಆಸ್ಟ್ರೇಲಿಯಾ ಅಲ್ಲಿ ಒಂದು ವಿಜ್ಞಾನ ಕೇಂದ್ರ ತೆರೆಯಿತು. 1952ರ ಮೇ ತಿಂಗಳಲ್ಲಿ ಆ ಕೇಂದ್ರದ ಮೂವರು ಹಿಮನದಿಯ ಬುಡದಲ್ಲಿ, ಕಡಲ ಅಂಚಿನಲ್ಲಿ ನಡೆದು ಹೋಗುವಾಗ ದೊಡ್ಡ ಅಲೆಯೊಂದು ಬಂತು. ರಿಚರ್ಡ್ ಹೋಸ್‌ಸನ್ ನೀರುಪಾಲಾದ. ಅಲಿಸ್ಟರ್ ಫೋರ್ಬ್ಸ್ ಚಳಿಯಲ್ಲಿ ಸತ್ತ. ಮೂರನೆಯವನೊಬ್ಬ ಮಾತ್ರ ಕೇಂದ್ರಕ್ಕೆ ಮರಳಿದ. 1955ರಲ್ಲಿ ಕೇಂದ್ರ ಮುಚ್ಚಿದರು.

ಆ ಕೊನೆಯ ವರ್ಷ ಅಲ್ಲಿದ್ದವರಲ್ಲಿ ಗ್ರಹಾಂ ಬಡ್ ಎಂಬ ಯುವ ವೈದ್ಯನೂ ಒಬ್ಬ. ಅವನಿಗೆ ಆ ಬೆಟ್ಟ ತಲೆಗೆ ಹತ್ತಿತು. ಯಾರೂ ತುದಿ ಮುಟ್ಟಿರಲಿಲ್ಲ. 1963ರಲ್ಲಿ ಬಡ್, ಜೊತೆಗೆ ವಾರ್ವಿಕ್ ಡೀಕಾಕ್ ಮತ್ತು ಜಾನ್ ಸ್ಟೀಫನ್‌ಸನ್, ಈ ಮೂವರು ಸರ್ಕಾರಿ ತಂಡದ ಹಡಗಿನಲ್ಲಿ ಹೋಗಿ ಬೆಟ್ಟ ಹತ್ತಲು ನೋಡಿದರು. ಹಿಮಗಾಳಿ ಎದ್ದು ಬಿಡಲಿಲ್ಲ. ಜೀವ ಉಳಿಸಿಕೊಂಡು ಇಳಿದು ಬಂದರು.

ಸೋತು ಬಂದವರು ಸುಮ್ಮನಿರಲಿಲ್ಲ. ಮತ್ತೊಮ್ಮೆ ಹೋಗಬೇಕು. ಆದರೆ ಬರೀ ಬೆಟ್ಟ ಹತ್ತುವುದಕ್ಕೆಂದು ಯಾವ ಸರ್ಕಾರ ಹಡಗು ಕೊಡುತ್ತದೆ? ಹಾಗಾಗಿ ದೋಣಿಯನ್ನು ತಾವೇ ಹೊಂದಿಸಿಕೊಳ್ಳಬೇಕಾಯಿತು. ಡೀಕಾಕ್ ಮೊದಲು ಸೈನ್ಯದಲ್ಲಿದ್ದವನು, ಕೆಲಸ ಹಚ್ಚಿಕೊಂಡರೆ ಬಿಡುವ ಜಾತಿಯಲ್ಲ. ಟಾಸ್ಮೇನಿಯಾದಲ್ಲಿ ಮೀನುಗಾರಿಕೆಗೆಂದು ಕಟ್ಟಿದ್ದ ‘ಪಟನೆಲಾ’ ಎಂಬ ಉಕ್ಕಿನ ಹಾಯಿದೋಣಿ ಸಿಕ್ಕಿತು. ಉದ್ದ 63 ಅಡಿ. ನಮ್ಮ ಮಲ್ಪೆ, ಕಾರವಾರದ ಬಂದರಿನಲ್ಲಿ ನಿಂತಿರುವ ದೊಡ್ಡ ಟ್ರಾಲರ್ ಬೋಟು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಹತ್ತು ಜನ, ತಿಂಗಳುಗಟ್ಟಲೆ ದಿನಸಿ, ಹಗ್ಗ, ಡೇರೆ, ಹಿಮಗೊಡಲಿ.

ದೋಣಿ ಸಿಕ್ಕಿತು, ತಾಂಡೇಲ ಬೇಕಲ್ಲ? ಬೆಟ್ಟ ಗೊತ್ತಿರುವ, ಆ ಕಡಲೂ ಗೊತ್ತಿರುವ ಮನುಷ್ಯ ಇಡೀ ಜಗತ್ತಿನಲ್ಲೇ ಒಬ್ಬಿಬ್ಬರು. ಇಂಗ್ಲೆಂಡಿನಲ್ಲಿದ್ದ ಬಿಲ್ ಟಿಲ್ಮನ್ ಎಂಬಾತನಿಗೆ ಹೇಳಿಕಳಿಸಿದರು. ಆತನಿಗೆ ಆಗ 66 ವರ್ಷ. ಬಂದ.

ಈ ಟಿಲ್ಮನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹುಟ್ಟಿದ್ದು 1898ರಲ್ಲಿ. ಹದಿನೆಂಟು ತುಂಬುವ ಮೊದಲೇ ಮೊದಲನೇ ಮಹಾಯುದ್ಧದ ಕಂದಕಕ್ಕೆ ಇಳಿದವನು. ಯುದ್ಧ ಮುಗಿದ ಮೇಲೆ ಕೀನ್ಯಾದಲ್ಲಿ ಕಾಡು ಕಡಿದು ಕಾಫಿ ತೋಟ ಮಾಡಿದ. ಅಲ್ಲಿ ಎರಿಕ್ ಶಿಪ್ಟನ್ ಎಂಬ ಇನ್ನೊಬ್ಬ ತೋಟಗಾರ ಜೊತೆಯಾದ. ಇಬ್ಬರೂ ಸೇರಿ ಆಫ್ರಿಕಾದ ಬೆಟ್ಟ ಹತ್ತಿದರು, ಅಲ್ಲಿಂದ ಹಿಮಾಲಯಕ್ಕೆ ಬಂದರು. 1934ರಲ್ಲಿ ಗಢ್ವಾಲದ ನಂದಾದೇವಿ ಬೆಟ್ಟದ ಬುಡಕ್ಕೆ ದಾರಿ ಹುಡುಕಿದ್ದು ಇವರೇ. ಆ ಬೆಟ್ಟದ ಸುತ್ತ ಕೋಟೆಯಂತೆ ಬೇರೆ ಬೆಟ್ಟಗಳಿವೆ. ಒಳಹೋಗಲು ಋಷಿಗಂಗಾ ನದಿ ಕೊರೆದ ಕಂದರ ಒಂದೇ ಬಾಗಿಲು. ಆ ಕಂದರದ ಗೋಡೆ ಹಿಡಿದು ಒಳಗೆ ಹೋದದ್ದು ಇಬ್ಬರು ಇಂಗ್ಲಿಷರು, ಮೂವರು ಶೆರ್ಪಾಗಳು: ಆಂಗ್‌ಥರ್ಕೆ, ಪಸಾಂಗ್, ಕುಸಾಂಗ್. ಮೂವರ ಹೆಸರನ್ನೂ ಬೇಕೆಂದೇ ಬರೆದಿದ್ದೇವೆ. ಪರ್ವತಾರೋಹಣದ ಇತಿಹಾಸದಲ್ಲಿ ಹೊರೆ ಹೊತ್ತವರ ಹೆಸರು ಕಡೆಯ ಸಾಲಿಗೂ ಬರುವುದಿಲ್ಲ.

ಎರಡು ವರ್ಷ ಬಿಟ್ಟು, 1936ರ ಆಗಸ್ಟ್ 29ರಂದು, ಟಿಲ್ಮನ್ ಮತ್ತು ನೋಯೆಲ್ ಓಡೆಲ್ ನಂದಾದೇವಿಯ 7,816 ಮೀಟರ್ ತುದಿ ಮುಟ್ಟಿದರು. ಮುಂದೆ 14 ವರ್ಷ, ಅಂದರೆ 1950ರಲ್ಲಿ ಫ್ರೆಂಚರು ಅನ್ನಪೂರ್ಣ ಹತ್ತುವ ತನಕ, ಮನುಷ್ಯ ಹತ್ತಿದ್ದ ಅತಿ ಎತ್ತರದ ಶಿಖರ ಅದೇ ಆಗಿತ್ತು. ಆ ಸಾಹಸದಲ್ಲೂ ಕಿಟಾರ್ ಎಂಬ ಶೆರ್ಪಾ ಕಾಯಿಲೆ ಬಿದ್ದು ಬೆಟ್ಟದ ಬುಡದಲ್ಲೇ ತೀರಿಕೊಂಡ.

ಐವತ್ತು ದಾಟಿದ ಮೇಲೆ ಟಿಲ್ಮನ್‌ಗೆ ಎತ್ತರದ ಬೆಟ್ಟ ತನ್ನ ಮೈಗೆ ಇನ್ನು ಆಗದು ಅನ್ನಿಸಿತು. ಮದುವೆ ಆಗಿರಲಿಲ್ಲ. ಬೇರೆಯವರಾಗಿದ್ದರೆ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಈತ ದೋಣಿ ಕೊಂಡ! 1954ರಲ್ಲಿ ಕೊಂಡ ‘ಮಿಸ್ಚೀಫ್’ ಎಂಬ ಆ ದೋಣಿ 1906ರಲ್ಲಿ ಕಟ್ಟಿದ್ದು, ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರಿಸುವ ಪೈಲಟ್‌ಗಳನ್ನು ಮುಟ್ಟಿಸುವ ಹಳೆಯ ಮರದ ದೋಣಿ. ರಸ್ತೆ ಇಲ್ಲದ, ವಿಮಾನ ಇಳಿಯದ, ಕಡಲಿನಿಂದ ಮಾತ್ರ ಹೋಗಬಹುದಾದ ಬೆಟ್ಟಗಳಿಗೆ ದೋಣಿಯಲ್ಲಿ ಹೋಗಿ ಹತ್ತುವುದು ಎಂಬುದು ಆತನ ಲೆಕ್ಕ. ಒಮ್ಮೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಸಣ್ಣ ದೋಣಿಯಲ್ಲಿ ದೂರ ಹೋಗುವುದಿದೆ, ಆಳು ಬೇಕು, ಸಂಬಳ ಇಲ್ಲ, ಮುಂದೆ ಏನೂ ಸಿಗುವುದಿಲ್ಲ, ಖುಷಿಯೂ ಅಷ್ಟಕ್ಕಷ್ಟೆ ಎಂಬ ಅರ್ಥದಲ್ಲಿ. ಕೆಲಸಕ್ಕೆ ಕರೆಯುವ ಜಾಹೀರಾತಿನಲ್ಲಿ ಇಷ್ಟು ನಿಜ ಹೇಳಿದವರನ್ನು ನಾವಂತೂ ನೋಡಿಲ್ಲ. ಆದರೂ ಜನ ಸಿಕ್ಕರು. 1959–60ರಲ್ಲಿ ಕ್ರೋಜೆ, ಕರ್ಗೆಲೆನ್ ಎಂಬ ಜ್ವಾಲಾಮುಖಿ ದ್ವೀಪಗಳಿಗೆ ಹೋಗಿ, ಬೆಟ್ಟ ಹತ್ತಿ, ಹಿಮದ ಹಾಸು ದಾಟಿ ಬಂದಿದ್ದ. ಅದಕ್ಕೇ ಡೀಕಾಕ್ ಆತನನ್ನು ಕರೆದದ್ದು.

1964ರ ನವೆಂಬರ್ 5ರಂದು ಪಟನೆಲಾ ಸಿಡ್ನಿ ಬಿಟ್ಟಿತು. ಆಸ್ಟ್ರೇಲಿಯಾದ ದಕ್ಷಿಣ ದಂಡೆ ಹಿಡಿದು ಪಶ್ಚಿಮದ ಆಲ್ಬನಿ ಬಂದರಿಗೆ, ಅಲ್ಲಿಂದ ತೆರೆದ ಕಡಲಿಗೆ. ಜಿಪಿಎಸ್ ಎಂಬುದು ಆಗ ಇರಲಿಲ್ಲ. ಸೂರ್ಯನೋ ನಕ್ಷತ್ರವೋ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಸೆಕ್ಸ್‌ಟೆಂಟ್ ಎಂಬ ಉಪಕರಣದಿಂದ ಅಳೆದು, ಗಡಿಯಾರ ನೋಡಿ, ಪಟ್ಟಿ ತೆಗೆದು ಲೆಕ್ಕ ಹಾಕಿ ತಾವಿರುವ ಜಾಗ ತಿಳಿಯಬೇಕು. ಮೋಡ ಮುಚ್ಚಿದರೆ ಆ ಲೆಕ್ಕವೂ ಇಲ್ಲ. ಆ ಕಡಲಲ್ಲಿ ಮೋಡ ಮುಚ್ಚದ ದಿನ ಅಪರೂಪ. ಹೋದ ವೇಗ, ಹೋದ ದಿಕ್ಕು, ಕಳೆದ ಗಂಟೆ, ಇಷ್ಟರ ಮೇಲೆ ಅಂದಾಜು. ನಮ್ಮ ಕರಾವಳಿಯಲ್ಲಿ ಮಚ್ವೆ ಓಡಿಸುತ್ತಿದ್ದ ಹಿರಿಯರು ಇದ್ದರೆ ಕೇಳಿ, ಮೋಡದ ರಾತ್ರಿ ಅಂದರೆ ಏನು ಅಂತ ಹೇಳುತ್ತಾರೆ.

ಈಗ ಕತೆಯ ಗಂಟು ಇರುವ ಜಾಗಕ್ಕೆ ಬಂದೆವು.

ಹರ್ಡ್‌ನಲ್ಲಿ ಬಂದರಿಲ್ಲ. ದೋಣಿಗೆ ಆಳದ ಕಡಲು ಭಯವಲ್ಲ, ದಂಡೆ ಭಯ. ಕಡಲ ನಡುವೆ ಬಿರುಗಾಳಿ ಬಂದರೆ ಹಾಯಿ ಇಳಿಸಿ, ಗಾಳಿ ಅಟ್ಟಿದ ಕಡೆ ಸರಿಯುತ್ತಾ ಕಾಯಬಹುದು. ದಂಡೆಯ ಪಕ್ಕ ಲಂಗರು ಹಾಕಿ ನಿಂತಾಗ ಗಾಳಿ ದಿಕ್ಕು ಬದಲಿಸಿದರೆ ಲಂಗರು ಕಿತ್ತು ಬರುತ್ತದೆ, ದೋಣಿ ಬಂಡೆಗೆ ಬಡಿಯುತ್ತದೆ. ಅಲ್ಲಿಗೆ ಮುಗಿಯಿತು. ಬಿಗ್ ಬೆನ್ ಬೇರೆ ತಾನೇ ಗಾಳಿ ಮೋಡ ಹುಟ್ಟಿಸುವ ಬೆಟ್ಟ. ಒಂದು ಮಗ್ಗುಲಲ್ಲಿ ತೆಪ್ಪಗಿದ್ದರೆ ಇನ್ನೊಂದು ಮಗ್ಗುಲಲ್ಲಿ ಮೇಲಿಂದ ಉರುಳಿ ಬಂದಂತೆ ಗಾಳಿ ಬೀಳುತ್ತದೆ. ಬೆಟ್ಟ ಹತ್ತಲು ವಾರಗಟ್ಟಲೆ ಬೇಕು. ಅಷ್ಟು ದಿನ ದೋಣಿ ಅಲ್ಲಿ ನಿಲ್ಲುವಂತಿಲ್ಲ.

ಹಾಗಾಗಿ ಹೀಗೆ ತೀರ್ಮಾನ ಆಯಿತು. ಐದು ಜನ ಇಳಿಯುವುದು. ಉಳಿದ ಐವರು ದೋಣಿ ತೆಗೆದುಕೊಂಡು ಸುಮಾರು 450 ಕಿ.ಮೀ. ದೂರದ ಕರ್ಗೆಲೆನ್ ದ್ವೀಪಕ್ಕೆ ಹೋಗುವುದು. ಅಲ್ಲಿ ಫ್ರೆಂಚರ ನೆಲೆ ಇದೆ, ದೋಣಿ ಕಟ್ಟಲು ಆಸರೆ ಇದೆ. ಒಪ್ಪಿದ ಹೊತ್ತಿಗೆ ಮರಳಿ ಬಂದು ಐವರನ್ನು ಎತ್ತಿಕೊಳ್ಳುವುದು.

ಈ ಮಾತಿನ ಭಾರ ನೋಡಿ. ದೋಣಿ ಬರದಿದ್ದರೆ? ಹಾದುಹೋಗುವ ಹಡಗು ಆ ದಾರಿಯಲ್ಲಿ ಇಲ್ಲ. ಹತ್ತು ವರ್ಷದ ಹಿಂದೆ ಮುಚ್ಚಿದ ಕೇಂದ್ರದ ಗುಡಿಸಲುಗಳು ದ್ವೀಪದ ಒಂದು ತುದಿಯಲ್ಲಿ ಪಾಳುಬಿದ್ದಿದ್ದವು. ದೋಣಿಗೆ ಏನಾದರೂ ಆದರೆ ಐದು ಜನ ಸೀಲ್ ಬೇಟೆಗಾರರ ಕಾಲಕ್ಕೆ ಮರಳಿದಂತೆ. ಬೆಟ್ಟ ಹತ್ತುವವರು ತಮ್ಮ ಜೀವ ತಮ್ಮ ಕೈಯಲ್ಲಿದೆ ಅಂತ ಹೇಳಿಕೊಳ್ಳುವುದುಂಟು. ಇಲ್ಲಿ ಆ ಮಾತು ಸುಳ್ಳು. ಐವರ ಜೀವ ಅವರ ಕೈಯಲ್ಲಿರಲಿಲ್ಲ, 66 ವರ್ಷದ ಒಬ್ಬ ಮನುಷ್ಯನ ಚುಕ್ಕಾಣಿಯ ಮೇಲಿತ್ತು.

ಇಳಿದವರು: ಡೀಕಾಕ್, ಬಡ್, ಫಿಲಿಪ್ ಟೆಂಪಲ್, ಕಾಲಿನ್ ಪಟ್, ಜಾನ್ ಕ್ರಿಕ್. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಸಾಮಾನು ಹೇರಿಕೊಂಡು ಅಲೆಗಳ ನಡುವೆ ದಂಡೆಯ ಕಡೆ ಹೊರಟರು. ದಂಡೆ ಹತ್ತಿರ ಬಂದಾಗ ಅಲೆ ದೋಣಿಯನ್ನು ಮಗುಚಿ ಹಾಕಿತು. ಹಿಮ ಕರಗಿ ಬರುವ ನೀರಿನಲ್ಲಿ ಮುಳುಗಿ ಎದ್ದು, ಹೇಗೋ ಒದ್ದಾಡಿ ಕಪ್ಪು ಮರಳಿಗೆ ಬಂದು ಬಿದ್ದರು. ಜೀವ ಹೋಗಲಿಲ್ಲ. ಆ ದಂಡೆಗೆ ಇವತ್ತಿಗೂ ನಕ್ಷೆಯಲ್ಲಿ ‘ಕ್ಯಾಪ್ಸೈಜ್ ಬೀಚ್’ ಎಂದೇ ಹೆಸರು. ದೋಣಿ ಮಗುಚಿದ ದಂಡೆ ಅಂತ ಅರ್ಥ.

ಕಡಲಲ್ಲಿ ಟಿಲ್ಮನ್ ಹಾಯಿ ತಿರುಗಿಸಿದ.

ಟಿಲ್ಮನ್ ಹೋದ ಕರ್ಗೆಲೆನ್‌ಗೂ ಒಂದು ಕತೆ ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1772ರಲ್ಲಿ ಈವ್ ಜೋಸೆಫ್ ದ ಕರ್ಗೆಲೆನ್ ಎಂಬ ಫ್ರೆಂಚ್ ಅಧಿಕಾರಿ ಈ ದ್ವೀಪವನ್ನು ದೂರದಿಂದ ಕಂಡ. ತಾನು ಇಳಿಯಲೇ ಇಲ್ಲ. ಜೊತೆಯಲ್ಲಿ ಬಂದಿದ್ದ ಇನ್ನೊಂದು ಹಡಗನ್ನೂ ಹಿಂದೆ ಬಿಟ್ಟು ಫ್ರಾನ್ಸಿಗೆ ಓಡಿದ. ದಕ್ಷಿಣದಲ್ಲಿ ಫಲವತ್ತಾದ ದೊಡ್ಡ ನಾಡೊಂದನ್ನು ಕಂಡುಹಿಡಿದೆ, ಎಲ್ಲ ಬೆಳೆಯೂ ಬೆಳೆಯುತ್ತದೆ ಎಂದು ರಾಜನಿಗೆ ಬಣ್ಣ ಕಟ್ಟಿ ಹೇಳಿದ. ರಾಜ ನಂಬಿ ಮತ್ತೆ ಹಡಗು ಕೊಟ್ಟು ಕಳಿಸಿದ. ಎರಡನೇ ಸಲ ಹೋದವರ ಕಣ್ಣಿಗೆ ಬಿದ್ದದ್ದು ಕಲ್ಲು, ಹಿಮ, ಗಾಳಿ. ಮರಳಿದ ಮೇಲೆ ವಿಚಾರಣೆ ನಡೆದು, ನೌಕಾಪಡೆಯಿಂದ ಕಿತ್ತುಹಾಕಿ, ಜೈಲಿಗೆ ಹಾಕಿದರು. ನೋಡದ ಹೊಲಕ್ಕೆ ಪಹಣಿ ಬರೆದುಕೊಟ್ಟವನ ಕತೆ ಎಂದರೂ ತಪ್ಪಿಲ್ಲ. ದ್ವೀಪಕ್ಕೆ ಮಾತ್ರ ಆತನ ಹೆಸರೇ ಉಳಿಯಿತು.

1776ರ ಕ್ರಿಸ್ಮಸ್ ದಿನ ಇಂಗ್ಲಿಷ್ ಕ್ಯಾಪ್ಟನ್ ಜೇಮ್ಸ್ ಕುಕ್ ಅಲ್ಲಿ ಲಂಗರು ಹಾಕಿದ. ಕುಕ್‌ನ ಜನರಿಗೆ ಅಲ್ಲೊಂದು ಸೊಪ್ಪು ಸಿಕ್ಕಿತು, ಎಲೆಕೋಸಿನಂಥದು. ತಿಂಗಳುಗಟ್ಟಲೆ ಒಣ ಮಾಂಸ, ಒಣ ಬಿಸ್ಕತ್ತು ತಿಂದು ವಸಡು ಕೊಳೆತು ಸಾಯುವ ಸ್ಕರ್ವಿ ರೋಗಕ್ಕೆ ಆ ಸೊಪ್ಪು ಮದ್ದು. ‘ಕರ್ಗೆಲೆನ್ ಎಲೆಕೋಸು’ ಎಂದೇ ಪ್ರಸಿದ್ಧವಾಯಿತು. ಅದರ ಇನ್ನೊಂದು ವಿಶೇಷ: ಅಲ್ಲಿಯ ಗಾಳಿಗೆ ರೆಕ್ಕೆ ಬಡಿದು ಹಾರುವ ಹುಳು ಬದುಕುವುದೇ ಕಷ್ಟ. ಅಲ್ಲಿಯ ನೊಣಗಳಿಗೆ ರೆಕ್ಕೆಯೇ ಇಲ್ಲ! ಹಾಗಾಗಿ ಈ ಗಿಡ ದುಂಬಿಯನ್ನು ನಂಬಿಕೊಳ್ಳದೆ ಗಾಳಿಯಲ್ಲೇ ಪರಾಗ ಹರಡುತ್ತದೆ. 1874ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲು ಬಂದ ಬ್ರಿಟಿಷ್ ತಂಡ ಮುಂದೆ ಬರುವವರ ಊಟಕ್ಕೆ ಇರಲಿ ಅಂತ ಮೊಲ ತಂದು ಬಿಟ್ಟಿತು. ಮೊಲಕ್ಕೆ ಶತ್ರುವಿಲ್ಲ, ಸೊಪ್ಪಿಗೆ ಬೇಲಿಯಿಲ್ಲ. ಎಲೆಕೋಸು ಬಹುಕಡೆ ಮಾಯವಾಗಿ, ಮೊಲ ಹೋಗದ ಸಣ್ಣ ದ್ವೀಪಗಳಲ್ಲಿ, ಕಡಿದಾದ ಬಂಡೆಗಳ ಮೇಲೆ ಉಳಿಯಿತು. ಹರ್ಡ್‌ನಲ್ಲೂ ಈ ಗಿಡ ಇದೆ. ಅಲ್ಲಿಗೆ ಮೊಲ, ಇಲಿ, ಬೆಕ್ಕು ಯಾವುದೂ ಹೋಗಲಿಲ್ಲ. ದಂಡೆಗೆ ದೋಣಿ ಹಚ್ಚಲಾಗದ ಆ ಶಾಪವೇ ಗಿಡಕ್ಕೆ ಬೇಲಿಯಾಯಿತು.

ಇನ್ನೊಂದು ಮಾತು, ಉತ್ತರ ಕರ್ನಾಟಕದ ಓದುಗರಿಗಾಗಿ. ಈ ದ್ವೀಪಗಳ ಕೆಳಗೆ ಭೂಮಿಯ ಆಳದಿಂದ ಬಿಸಿ ಬಂಡೆ ಮೇಲೇಳುವ ಒಂದು ಜಾಗ ಇದೆ. ಸುಮಾರು 11.7 ಕೋಟಿ ವರ್ಷದ ಹಿಂದೆ ಜಾರ್ಖಂಡಿನ ರಾಜಮಹಲ್ ಬೆಟ್ಟಗಳ ಲಾವಾ ಉಕ್ಕಿದ್ದು ಇದೇ ಕುಲುಮೆಯಿಂದ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆಮೇಲೆ ಭಾರತ ಉತ್ತರಕ್ಕೆ ಸರಿಯುತ್ತಾ ಬಂತು, ಕುಲುಮೆ ಹಿಂದೆ ಉಳಿಯಿತು. ನಡುವೆ ಹಿಂದೂ ಮಹಾಸಾಗರದ ತಳದಲ್ಲಿ ಸಾವಿರಾರು ಕಿ.ಮೀ. ಉದ್ದದ ಬೆಟ್ಟಸಾಲು, ಎತ್ತಿನಗಾಡಿ ಹೋದ ಜಾಡಿನ ಹಾಗೆ, ಮೂಡಿದೆ. ಇಂಥದೇ ಇನ್ನೊಂದು ಕುಲುಮೆ ಈಗ ರಿಯೂನಿಯನ್ ದ್ವೀಪದ ಕೆಳಗಿದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಲಾವಾ ಉಕ್ಕಿದ್ದು ಅದರಿಂದ. ವಿಜಯಪುರ, ಬೆಳಗಾವಿ, ಕಲಬುರಗಿ ಕಡೆ ಜೋಳ ಬೆಳೆಯುವ ನಿಮ್ಮ ಎರೆಮಣ್ಣು ಆ ಲಾವಾ ಕಲ್ಲು ಸವೆದು ಆದದ್ದು. ಜ್ವಾಲಾಮುಖಿ ದ್ವೀಪ ನಮಗೆ ಅಷ್ಟೇನೂ ಪರಕೀಯವಲ್ಲ.

ಬೆಟ್ಟಕ್ಕೆ ಮರಳೋಣ. ಐವರು ದಂಡೆಯಿಂದ ಸಾಮಾನು ಹೊತ್ತು ಮೇಲೇರಿದರು. ಹಿಮನದಿಯ ಬಿರುಕುಗಳನ್ನು ಬಳಸಿಕೊಂಡು, ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು, ಗಾಳಿ ಎದ್ದಾಗ ಅಡಗಿ, ಬಿಟ್ಟಾಗ ನಡೆದು. 1965ರ ಜನವರಿ 25ರಂದು ಐವರೂ ಮಾಸನ್ ಶಿಖರದ ತುದಿಯಲ್ಲಿ ನಿಂತರು. ಹೊರಟು ಎಂಬತ್ತೊಂದು ದಿನ ಆಗಿತ್ತು. ಗ್ರಹಾಂ ಬಡ್ ಆ ಬೆಟ್ಟವನ್ನು ಬುಡದಿಂದ ನೋಡಿ ಹನ್ನೊಂದು ವರ್ಷ.

ಹತ್ತಿದ್ದು ಅರ್ಧ ಕೆಲಸ. ಇಳಿದು ದಂಡೆಗೆ ಬಂದು ಕಡಲಿನ ಕಡೆ ನೋಡುತ್ತಾ ಕೂರುವುದು ಇನ್ನರ್ಧ. ಮೋಡ, ಮಂಜು, ಮಳೆ. ಒಂದು ಹಾಯಿ ಕಾಣಬೇಕು ಅಷ್ಟೆ. ಊರ ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸಿಗೆ ಕಾದವರಿಗೆ ಕಾಯುವುದು ಅಂದರೆ ಏನು ಅಂತ ಗೊತ್ತು. ಆದರೆ ಇದು ಮರುದಿನ ಇನ್ನೊಂದು ಬಸ್ಸಿಲ್ಲದ ಜಾಗ. ಆ ಕಡೆ ಟಿಲ್ಮನ್‌ದೂ ಅದೇ ಪಾಡು: ಮೋಡದಲ್ಲಿ ಅಂದಾಜು ಲೆಕ್ಕ ಹಾಕಿಕೊಂಡು ಬಂದು, ಬಂಡೆಗೆ ಬಡಿಯದಷ್ಟು ದೂರ, ದಂಡೆ ಕಾಣುವಷ್ಟು ಹತ್ತಿರ ದೋಣಿ ತರಬೇಕು.

ಬಂದ. ಐವರೂ ಅಲೆ ದಾಟಿ ದೋಣಿ ಸೇರಿದರು. ಮಾರ್ಚ್ ತಿಂಗಳಲ್ಲಿ ಪಟನೆಲಾ ಸಿಡ್ನಿಗೆ ಮರಳಿತು. ಹತ್ತು ಜನ ಹೋಗಿದ್ದರು, ಹತ್ತೂ ಜನ ಬಂದರು.

ಬೆಟ್ಟದ ಮೊದಲ ಆರೋಹಣದ ಪಟ್ಟಿಯಲ್ಲಿ ಐದು ಹೆಸರಿವೆ. ಟಿಲ್ಮನ್ ಹೆಸರಿಲ್ಲ. ನಿಯಮದ ಪ್ರಕಾರ ಇರಬಾರದು ಕೂಡ, ಆತ ಬೆಟ್ಟ ಹತ್ತಲಿಲ್ಲ. ಜೀವನಪೂರ್ತಿ ಬೆಟ್ಟಕ್ಕಾಗಿಯೇ ದೋಣಿ ನಡೆಸಿದ ಮನುಷ್ಯ, ಅಷ್ಟು ದೂರ ಹೋಗಿ, ದೋಣಿ ನೋಡಿಕೊಳ್ಳುವ ಕೆಲಸ ಒಪ್ಪಿಕೊಂಡ. ನಂದಾದೇವಿಯಲ್ಲಿ ಶೆರ್ಪಾಗಳು ಬೇರೆಯವರ ತುದಿಗಾಗಿ ಹೊರೆ ಹೊತ್ತರು. ಹರ್ಡ್‌ನಲ್ಲಿ ಆ ಸರದಿ ಈತನಿಗೆ ಬಂತು ಅಂತ ನಮಗೆ ಅನ್ನಿಸುತ್ತದೆ. ಶೆರ್ಪಾಗಳಿಗೆ ಅದು ಹೊಟ್ಟೆಪಾಡು, ಈತನಿಗೆ ಇಷ್ಟದ ಕೆಲಸ ಎಂಬ ವ್ಯತ್ಯಾಸವನ್ನೂ ಮರೆಯಬಾರದು.

ಟಿಲ್ಮನ್‌ನನ್ನು ದೇವರು ಮಾಡುವ ಉದ್ದೇಶ ನಮಗಿಲ್ಲ. ಆತನ ದೋಣಿಗಳಲ್ಲಿ ಸುರಕ್ಷತೆಯ ಸಾಮಾನು ಕಡಿಮೆ. ಹೋಗುವವರು ತಮ್ಮ ಇಷ್ಟದಿಂದ ಹೋಗುತ್ತಾರೆ, ಸಿಕ್ಕಿಹಾಕಿಕೊಂಡರೆ ಬೇರೆಯವರನ್ನು ಕೂಗಿ ಕರೆಯಬಾರದು ಎಂಬುದು ಆತನ ಹಟ. ಸಂದೇಶ ಕಳಿಸುವ ರೇಡಿಯೊ ಸಹ ತನ್ನ ದೋಣಿಯಲ್ಲಿ ಇಡುತ್ತಿರಲಿಲ್ಲ. ಪಟನೆಲಾದಲ್ಲಿ ರೇಡಿಯೊ ಇತ್ತು, ಅದನ್ನು ನೋಡಿಕೊಳ್ಳಲು ಒಬ್ಬನಿದ್ದ. ಅದು ಡೀಕಾಕ್‌ನ ಏರ್ಪಾಡು. 1966ರಲ್ಲಿ ಮಿಸ್ಚೀಫ್‌ನಲ್ಲಿ ಅಂಟಾರ್ಕ್ಟಿಕಾದ ಕಡೆ ಹೊರಟಾಗ ದಾರಿಯಲ್ಲಿ ಸಹಾಯಕನೊಬ್ಬ ದೋಣಿಯಿಂದ ಕಡಲಿಗೆ ಬಿದ್ದು ಹೋದ, ಸಿಗಲೇ ಇಲ್ಲ. ತನ್ನ ಜೀವದ ಬಗ್ಗೆ ಹಟ ಮಾಡಬಹುದು. ಇಪ್ಪತ್ತರ ಹರೆಯದ ಹುಡುಗರು ನಂಬಿ ಹತ್ತಿದ ದೋಣಿಯಲ್ಲಿ ಆ ಹಟ ಸರಿಯೇ ಎಂದು ಆಗಲೂ ಕೇಳಿದವರಿದ್ದರು, ಈಗ ನಾವೂ ಕೇಳುತ್ತೇವೆ.

1968ರಲ್ಲಿ ಮಿಸ್ಚೀಫ್ ಉತ್ತರದ ಇನ್ನೊಂದು ಜ್ವಾಲಾಮುಖಿ ದ್ವೀಪ ಯಾನ್ ಮಾಯೆನ್ ಬಳಿ ಬಂಡೆಗೆ ತಾಗಿ, ಕೊನೆಗೆ ಮುಳುಗಿತು. 62 ವರ್ಷದ ದೋಣಿ. ಮನೆಯ ಎತ್ತು ಸತ್ತವರ ಹಾಗೆ ದುಃಖಪಟ್ಟ. ಮತ್ತೊಂದು ದೋಣಿ ಕೊಂಡ, ನಾಲ್ಕು ವರ್ಷದಲ್ಲಿ ಅದೂ ಗ್ರೀನ್‌ಲ್ಯಾಂಡ್ ಬಳಿ ಹೋಯಿತು. ಮೂರನೆಯದನ್ನು ಕೊಂಡ. 1977ರಲ್ಲಿ, ಎಂಬತ್ತು ತುಂಬಲು ಕೆಲವು ತಿಂಗಳಿರುವಾಗ, ಸೈಮನ್ ರಿಚರ್ಡ್‌ಸನ್ ಎಂಬ ಯುವಕನ ‘ಎನ್ ಅವಾಂ’ ದೋಣಿಯಲ್ಲಿ ಅಂಟಾರ್ಕ್ಟಿಕಾದ ಬಳಿಯ ಸ್ಮಿತ್ ದ್ವೀಪಕ್ಕೆ ಹೊರಟ. ಈ ಸಲ ಯಜಮಾನನಾಗಿ ಅಲ್ಲ, ಸಂಗಡಿಗನಾಗಿ. ನವೆಂಬರ್ 1ರಂದು ರಿಯೊ ಡಿ ಜನೈರೊ ಬಿಟ್ಟ ದೋಣಿ ಫಾಕ್‌ಲ್ಯಾಂಡ್ ದ್ವೀಪಗಳನ್ನು ಮುಟ್ಟಲಿಲ್ಲ. ದೋಣಿಯ ಒಂದು ಹಲಗೆಯೂ ಸಿಗಲಿಲ್ಲ.

ಪಟನೆಲಾದ ಗತಿಯೂ ಹಾಗೇ. ಅಷ್ಟೆಲ್ಲ ದೊಡ್ಡ ಕಡಲು ದಾಟಿ ಬಂದ ಆ ಉಕ್ಕಿನ ದೋಣಿ, 1988ರ ನವೆಂಬರ್ 8ರ ಬೆಳಗಿನ ಜಾವ, ಸಿಡ್ನಿ ನಗರದ ದೀಪಗಳು ಕಾಣುವಷ್ಟು ಹತ್ತಿರದಲ್ಲಿ ನಾಲ್ಕು ಜನರ ಸಮೇತ ಕಾಣೆಯಾಯಿತು. ಹಡಗೊಂದು ಡಿಕ್ಕಿ ಹೊಡೆದಿರಬಹುದೆಂಬ ಮಾತು ಬಂತು, ಬೇರೆ ಮಾತುಗಳೂ ಬಂದವು. ಮರುವರ್ಷ ದೋಣಿಯ ಹೆಸರಿದ್ದ ಒಂದು ಲೈಫ್‌ಬಾಯ್ ಕಡಲಲ್ಲಿ ತೇಲುತ್ತಾ ಸಿಕ್ಕಿತು. ಸುಮಾರು 19 ವರ್ಷ ಕಳೆದ ಮೇಲೆ ಪಶ್ಚಿಮ ಆಸ್ಟ್ರೇಲಿಯಾದ ಒಂದು ಖಾಲಿ ದಂಡೆಯಲ್ಲಿ ಒಂದು ಬಾಟಲಿ ಸಿಕ್ಕಿತು. ಒಳಗೆ ಚೀಟಿ. ಕಾಣೆಯಾಗುವುದಕ್ಕೆ ಎರಡು ವಾರ ಮೊದಲು ದೋಣಿಯಲ್ಲಿದ್ದ ಹುಡುಗರು ಬರೆದು ಕಡಲಿಗೆ ಎಸೆದದ್ದು. ಈ ಚೀಟಿ ಸಿಕ್ಕವರು ನಮ್ಮನ್ನು ಹುಡುಕಿಕೊಂಡು ಬನ್ನಿ, ಪಟನೆಲಾದಲ್ಲಿ ಪುಕ್ಕಟೆ ಸುತ್ತಾಡಿಸುತ್ತೇವೆ ಎಂದು ಅದರಲ್ಲಿತ್ತು.